ಆರನೆಯ ಬಟ್ಟಲು

ಕುರ್ಚಿ ಮಾಯವಾಗಿತ್ತು!

ಬೋದಿಲ್ ಕಾರ್ಯಾಗಾರದ ಬಾಗಿಲಲ್ಲೇ ನಿಂತುಬಿಟ್ಟಳು. ಮರದ ಪಟ್ಟಿಯನ್ನು ಹಬೆಯಲ್ಲಿ ಬೇಯಿಸಿ, ಉಸಿರು ಬಿಗಿಹಿಡಿದು ಅಚ್ಚಿಗೆ ಬಗ್ಗಿಸಿ, ಮುರಿದದ್ದನ್ನು ಒಲೆಗೆಸೆದು ಮತ್ತೆ ಬಗ್ಗಿಸಿ, ಇಡೀ ಚಳಿಗಾಲ ಹೆಣಗಿ ಮಾಡಿದ ಕುರ್ಚಿ. ಬೆನ್ನಿಗೂ ಕೈಗಳಿಗೂ ಸೇರಿ ಒಂದೇ ಬಾಗುಪಟ್ಟಿ! ಇನ್ನೇನು ಕೋಪನ್‌ಹೇಗನ್ನಿನ ತೀರ್ಪುಗಾರರು ಬರುವ ಹೊತ್ತು. ಅವರು ಮೆಚ್ಚಿದರೆ ಬಡಗಿಗಳ ಪ್ರದರ್ಶನದಲ್ಲಿ ಅವಳಿಗೆ ಜಾಗ. ಇಲ್ಲವಾದರೆ ಮತ್ತೆ ಊರವರ ಕಿಟಕಿ ಚೌಕಟ್ಟುಗಳೇ ಗತಿ.

ಪಕ್ಕದ ಮನೆಯ ನಿವೃತ್ತ ಪೊಲೀಸ್ ಐನರ್ ಕರೆಯದೆಯೇ ಬಂದ. ಕಳ್ಳತನದ ವಾಸನೆಗೋ ಕಾಫಿಯ ವಾಸನೆಗೋ, ಹೇಳುವುದು ಕಷ್ಟ.

“ಯಾರ ಮೇಲಮ್ಮಾ ಅನುಮಾನ?”

“ಇನ್ಯಾರು? ಥೊರ್ಕಿಲ್!” ಬೋದಿಲ್ ಜೊತೆಗಾರ ಬಡಗಿಯತ್ತ ಕೈ ತೋರಿದಳು. “ಕೈ ಇರೋ ಕುರ್ಚಿ ಮೇಜಿನಡಿ ಪೂರ್ತಿ ಹೋದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ ಅಂತ ಪಂತ ಕಟ್ಟಿದಾನೆ!”

“ಈಗಲೂ ಅಂತೀನಿ,” ಥೊರ್ಕಿಲ್ ಮೀಸೆ ತಿರುವಿದ. “ಆದ್ರೆ ಕದಿಯೋಕೆ ನಂಗೇನು ಹುಚ್ಚೇ? ಅದು ಮೇಜಿನ ಹಲಗೆಗೆ ಬಡಿದು ನಿಲ್ಲೋದನ್ನ ಕಣ್ಣಾರೆ ನೋಡ್ಬೇಕಲ್ಲ!”

ಮಾತು ಸರಿಯೇ ಇತ್ತು. ಐನರ್ ಬೋದಿಲ್‌ಳ ಸೋದರತ್ತೆ ಡಾಗ್ನಿಯತ್ತ ತಿರುಗಿದ. ಆಕೆ ತೀರ್ಪುಗಾರರಿಗೆಂದು ನೆಲ ಮುಟ್ಟುವ ಬಿಳಿ ಬಟ್ಟೆ ಹಾಸಿದ್ದ ಮೇಜಿನ ಮೇಲೆ ಕಾಫಿ ಬಟ್ಟಲು, ಕೇಕು ಜೋಡಿಸುತ್ತಿದ್ದಳು.

“ನೀವು ನೋಡಿದ್ರಾ, ಡಾಗ್ನಿಯಮ್ಮ?”

“ಕೈಕುರ್ಚಿ ಅನ್ನೋದು ಸೋಮಾರಿಗಳಿಗೆ. ನಂಗ್ಯಾಕೆ ಅದು?”

“ಬೆಳಿಗ್ಗೆಯಿಂದ ಕೂತೇ ಇಲ್ವಾ ಹಾಗಾದ್ರೆ?”

“ಕೂತಿದ್ರೆ ಈ ಕೇಕು ತಾನಾಗೇ ಬೇಯ್ತಿತ್ತಾ?” ಮುಖ ಮಾತ್ರ ಕೆಂಪಾಗಿತ್ತು.

ಬೋದಿಲ್ ಹಲಗೆಗಳ ಹಿಂದೆ, ಅಟ್ಟದ ಮೇಲೆ, ಹಿತ್ತಲಲ್ಲಿ ಎಲ್ಲ ಹುಡುಕಿದಳು. ಹೊರಗೆ ಕಾರಿನ ಸದ್ದಾಯಿತು. ಅವಳಿಗೆ ಅಳುವೇ ಬಂತು.

ಐನರ್ ಒಂದು ಕೇಕಿಗೆ ಕೈ ಚಾಚಿದ. ಡಾಗ್ನಿ ಪಟ್ಟನೆ ಹೊಡೆದಳು. ಚಾಚಿದ ಕೈ ಹಾಗೇ ನಿಂತಿತು.

“ಈ ಆರನೇ ಬಟ್ಟಲು ಯಾರಿಗೆ?”

“ಅತಿಥಿಗೆ.”

“ನಿಂತ್ಕೊಂಡು ಕುಡೀತಾರಾ?”

ಐದು ಬಟ್ಟಲುಗಳ ಮುಂದೆ ಐದು ಕುರ್ಚಿಗಳ ಬೆನ್ನು ಕಾಣುತ್ತಿತ್ತು. ಆರನೆಯದರ ಮುಂದೆ ಬರೀ ಬಿಳಿ ಬಟ್ಟೆ.

“ಕುರ್ಚಿ ಇಲ್ಲದ ಕಡೆ ಬಟ್ಟಲಿಡೋರಲ್ಲ ಡಾಗ್ನಿಯಮ್ಮ. ಎದ್ದ ಮೇಲೆ ಕುರ್ಚಿಯನ್ನ ಒಳಗೆ ತಳ್ಳದೆ ಬಿಡೋರೂ ಅಲ್ಲ!”

ಐನರ್ ಬಟ್ಟೆ ಎತ್ತಿದ. ಕುರ್ಚಿ ಅಲ್ಲೇ ಇತ್ತು. ಬಾಗುಪಟ್ಟಿ ಮೇಜಿನ ಹಲಗೆಗಿಂತ ಒಂದು ಬೆರಳು ಕೆಳಗೆ! ಹೆಣೆದ ಆಸನದ ಮೇಲೆ ಡಾಗ್ನಿಯ ಕನ್ನಡಕ.

“ಒಂದು ಗಳಿಗೆ ಕೂತೆ... ಕಣ್ಣು ಹತ್ತಿಬಿಡ್ತು,” ಅತ್ತೆ ಗೊಣಗಿದಳು. “ಸೋಮಾರಿ ಕುರ್ಚಿ ಅಂತ ಬೈದೋಳು ಹೇಗೆ ಒಪ್ಕೊಳ್ಳಲಿ? ಬಂದೋರು ಕೂರೋವಾಗ ಸಿಕ್ಕೇ ಸಿಗುತ್ತಲ್ಲ ಅಂದ್ಕೊಂಡೆ.”

“ಕೈಕುರ್ಚಿ ಮೇಜಿನಡಿ ಹೋಗಲ್ಲ ಅಂತ ಇಲ್ಲಿ ಯಾರೂ ಬಗ್ಗಿ ನೋಡ್ಲಿಲ್ಲ,” ಐನರ್ ನಕ್ಕ. “ಮಾಡಿದ ನೀನೇ ನಿನ್ನ ಕುರ್ಚಿನ ನಂಬ್ಲಿಲ್ಲವಲ್ಲ, ಬೋದಿಲ್!”

ಬಾಗಿಲು ಬಡಿದ ಸದ್ದು. ಬೋದಿಲ್ ಕಣ್ಣೊರೆಸಿಕೊಂಡು ಬಟ್ಟೆಯನ್ನು ಮೊದಲಿನಂತೆ ಇಳಿಬಿಟ್ಟಳು.

“ಯಾರೂ ಬಾಯಿ ಬಿಡ್ಬೇಡಿ. ಅವರೂ ಸ್ವಲ್ಪ ಹುಡುಕ್ಲಿ!”

ಡಾಗ್ನಿ ಒಲೆಯ ಮೇಲಿನ ಬಿಸಿನೀರು ಇಳಿಸುತ್ತ ಕೇಳಿದಳು: “ಥೊರ್ಕಿಲ್, ಎಡಗಡೆ ಮೀಸೆನೋ, ಬಲಗಡೆದೋ?”