ಸಿಂಹದ ಬಾಯಲ್ಲಿ ಬಂದ ಮಾತು

ಟೈಲರ್ ಮೊದಲ ಸಲ ಮಹಡಿ ಹತ್ತಿದ್ದು ಜಗಳ ಆಡುವುದಕ್ಕೆ.

ಅವನ ಅಂಗಡಿಯ ನೆತ್ತಿಯ ಮೇಲೆ, ಹಿಂದಿನ ಗಲ್ಲಿಯ ಬಡಮಕ್ಕಳಿಗೆ ಫೀಸಿಲ್ಲದೆ ಟೀಚರ್ ಒಬ್ಬಳು ಕುಣಿತ, ನಾಟಕ ಕಲಿಸುತ್ತಿದ್ದಳು. ಮಕ್ಕಳು ಕುಣಿದರೆ ಕೆಳಗೆ ಹೊಲಿಗೆ ಮೆಷಿನ್ನೂ ಕುಣಿಯುತ್ತಿತ್ತು. ಹಾಗೆ ಕುಣಿದಾಗಲೇ ಒಬ್ಬ ಗಿರಾಕಿಯ ಪ್ಯಾಂಟಿಗೆ ಮೂರನೇ ಕಾಲು ಬಂದದ್ದು. ಆತ ಹಾಕಿಕೊಂಡು ನೋಡಿ, "ಗಾಳಿ ಚೆನ್ನಾಗಿ ಆಡುತ್ತೆ" ಅಂತ ಒಯ್ದ. ಅದು ಬೇರೆ ಮಾತು.

"ಏನ್ರೀ ಇದು? ನನ್ನ ಸೂಜಿ ನೆಟ್ಟಗೆ ಹೋಗ್ತಿಲ್ಲ!"

ಟೀಚರ್ ಕೂದಲನ್ನು ಕಿವಿಯ ಹಿಂದೆ ಸರಿಸಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಊರವರ ಅಳತೆಯೆಲ್ಲ ತೆಗೆದವನಿಗೆ, ತನ್ನ ಅಳತೆ ತೆಗೆಸಿಕೊಳ್ಳುವುದು ಎಂಥ ಕಷ್ಟ ಅಂತ ಅವತ್ತು ಗೊತ್ತಾಯಿತು.

"ಒಳ್ಳೆ ಗಂಟಲು! ನಮ್ಮ ನಾಟಕಕ್ಕೆ ಮಾತು ಎತ್ತಿಕೊಡ್ತೀರಾ?"

"ಹೂಂ," ಅಂದುಬಿಟ್ಟ. ಜಗಳ ಅಲ್ಲಿಗೆ ಮುಗಿಯಿತು.

ಆ ಮಕ್ಕಳಲ್ಲಿ ಬಹಳ ಜನಕ್ಕೆ ಓದಲು ಬಾರದು. ಅದಕ್ಕೇ ಟೀಚರದ್ದೊಂದು ಕ್ರಮ. ಬಲಗಡೆ ಪರದೆಯ ಮರೆಯಿಂದ ಅವನು, ಎಡಗಡೆಯಿಂದ ಅವಳು ಮಾತು ಪಿಸುಗುಟ್ಟಬೇಕು. ಕಿವಿಗೆ ಬಿದ್ದದ್ದನ್ನು ಮಕ್ಕಳು ಒಂದಕ್ಷರ ಬಿಡದೆ ಜೋರಾಗಿ ಹೇಳಬೇಕು.

ಹೀಗೆ ಮಕ್ಕಳ ತಲೆಯ ಮೇಲಿಂದ ದಿನಾ ಎರಡು ಜೊತೆ ಕಣ್ಣು ಆ ಕಡೆಯಿಂದ ಈ ಕಡೆಗೆ ಓಡಾಡತೊಡಗಿದವು. ಅವನು ತಪ್ಪಿದರೆ ಅವಳು ಹುಬ್ಬು ಹಾರಿಸುತ್ತಿದ್ದಳು. ಆ ಹುಬ್ಬಿಗಾಗಿ ಅವನು ಬೇಕಂತಲೇ ತಪ್ಪುತ್ತಿದ್ದ.

ನಾಟಕದ ಹಿಂದಿನ ದಿನ ಅವಳು, "ದೂರದ ದೊಡ್ಡ ಸ್ಕೂಲಿಂದ ಕೆಲಸಕ್ಕೆ ಕರೆದಿದ್ದಾರೆ. ನಾಡಿದ್ದು ಉತ್ತರ ಕೊಡ್ಬೇಕು. ಏನ್ ಹೇಳ್ಲಿ?" ಅಂದಳು.

"ಒಳ್ಳೇದಾಗ್ಲಿ ಬಿಡಿ," ಅಂದ.

ಅಂದ ಬಾಯಿಗೆ ತಾನೇ ಹೊಲಿಗೆ ಹಾಕಿಕೊಳ್ಳೋಣ ಅನ್ನಿಸಿತು.

ನಾಟಕದ ದಿನ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯಲ್ಲಿ ಕೂತವರ ಹೆಗಲ ಮೇಲೂ ಜನ ಕೂತಿದ್ದರು. ಟೈಲರನ ಅಮ್ಮ ಮುಂದಿನ ಸಾಲಿನಲ್ಲಿ. ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ ಸಿಂಹ. ದಪ್ಪ ಹುಡುಗ ಆಮೆ. ಸಿಂಹ "ನಿನ್ನನ್ನು ನುಂಗಿಬಿಡ್ತೀನಿ" ಅನ್ನಬೇಕು.

ಟೈಲರ್ ಎದುರು ಪರದೆಯತ್ತ ನೋಡಿದ. ಅವಳು ಮಕ್ಕಳನ್ನು ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನಿಗರಿವಿಲ್ಲದೆ ಬಾಯಿಂದ ಹೊರಬಿತ್ತು: "ಹೋಗ್ಬೇಡ್ರೀ. ನೀವಿಲ್ದಿದ್ರೆ ನಾನು ಯಾರನ್ನ ನೋಡ್ಲಿ?"

ಸಿಂಹ ಶಿಸ್ತಿನ ಹುಡುಗಿ. ಪಂಜ ಎತ್ತಿ ಆಮೆಗೆ ಗರ್ಜಿಸಿತು: "ಹೋಗ್ಬೇಡ್ರೀ! ನೀವಿಲ್ದಿದ್ರೆ ನಾನು ಯಾರನ್ನ ನೋಡ್ಲಿ?"

ಆಮೆ ಎಡಕ್ಕೆ ಕಿವಿಗೊಟ್ಟು ಕಾದಿತು. ಬಹಳ ಹೊತ್ತು ಕಾದು, ಕೊನೆಗೆ ಗಂಭೀರವಾಗಿ ಹೇಳಿತು: "ನಿನ್ನೆ ಕೇಳಿದಾಗ ಬಾಯಲ್ಲಿ ಸೂಜಿ ಇಟ್ಕೊಂಡಿದ್ರಾ?"

"ಹೆದರ್ಕೊಂಡಿದ್ದೆ!" ಸಿಂಹ ಗರ್ಜಿಸಿತು.

"ನನಗೂ ಈ ಮಕ್ಕಳನ್ನ ಬಿಟ್ಟು ಹೋಗೋ ಮನಸ್ಸಿಲ್ಲ," ಅಂದಿತು ಆಮೆ. "ಇರು ಅಂತ ಒಬ್ರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ."

"ಸಿಂಹಕ್ಕೆ ಮದುವೆ ಆಗಿದ್ಯಾ?" ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದಾಕೆ ಕೇಳಿದಳು.

"ಇಲ್ಲ ಕಣಮ್ಮಾ. ನನಗೂ ಹೇಳಿ ಹೇಳಿ ಸಾಕಾಗಿತ್ತು," ಅಂದಳು ಟೈಲರನ ಅಮ್ಮ, ಕಣ್ಣು ಕೀಳದೆ.

ಟೀಚರ್ ಪರದೆ ಸರಿಸಿ ಹೊರಬಂದಳು. ರಂಗದ ಮೇಲಿನ ಬಣ್ಣದ ಕಾಡನ್ನು ದಾಟಿ, ಎಲ್ಲರೂ ನೋಡುತ್ತಿರುವಂತೆಯೇ ನಡೆದು ಅವನ ಪಕ್ಕದಲ್ಲಿ ನಿಂತಳು. ಅವಳ ಕಿವಿಯವರೆಗೂ ಕೆಂಪು.

"ಮುಂದಿನ ಮಾತು?" ಅಂದಳು.

ಅವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ಅವಳು "ಹೂಂ" ಅಂತ ತಲೆಯಾಡಿಸಿದಳು.

ಸಿಂಹ ಪರದೆಯೊಳಗೆ ತಲೆ ತೂರಿಸಿ ರೇಗಿತು: "ಅಣ್ಣಾ, ನಂಗೆ ಕೇಳಿಸ್ಲಿಲ್ಲ!"

"ಇದು ನಿನಗಲ್ಲ ಪುಟ್ಟಾ," ಅಂದಳು ಟೀಚರ್. "ನೀನು ಹೋಗಿ ಆಮೇನ ನುಂಗು."