ಹಗ್ಗ ಬಿಟ್ಟ ಕೈ

ಗ್ಲೈಡರ್ ಯುದ್ಧ ನಡೆಯುತ್ತಿದ್ದ ಹಾಲೆಂಡಿನಲ್ಲಿ ಇಳಿಯಬೇಕಿತ್ತು. ಸಿಕ್ಕಿದ್ದು ಇಂಗ್ಲೆಂಡಿನದೇ ಒಂದು ಟರ್ನಿಪ್ ಗಡ್ಡೆಯ ಹೊಲದಲ್ಲಿ, ಸಮುದ್ರಕ್ಕಿಂತ ಹತ್ತು ಮೈಲಿ ಈಚೆಗೆ. ಮೂತಿ ಕಲ್ಲುಗೋಡೆಗೆ ಗುದ್ದಿ ಪುಡಿಪುಡಿಯಾಗಿತ್ತು. ಮುಖ್ಯ ಚಾಲಕ ಡನ್ನಿಂಗ್ ಸತ್ತಿದ್ದ. ಪಕ್ಕದಲ್ಲೇ ಕೂತಿದ್ದ ಸಹಚಾಲಕ ವಿಲ್ಫ್ ಟ್ರಾಂಟರನ ಹಣೆಯ ಮೇಲೆ ಒಂದು ಗೀರು. ಹಿಂದಿದ್ದ ಇಪ್ಪತ್ತು ಸೈನಿಕರಿಗೆ ಏನೂ ಆಗಿರಲಿಲ್ಲ.

ಎಂಜಿನ್ ಇಲ್ಲದ ಮರದ ವಿಮಾನ ಅದು. ಮುಂದೊಂದು ಬಾಂಬರ್ ಹಗ್ಗ ಕಟ್ಟಿ ಎಳೆದುಕೊಂಡು ಹೋಗಬೇಕು. ಮೋಡದೊಳಗೆ ಆ ಹಗ್ಗ ಕಳಚಿತ್ತು. ಕಳಚುವ ಹಿಡಿ ಎರಡೂ ವಿಮಾನಗಳಲ್ಲಿದೆ. ಎಳೆದವರು ಯಾರು?

ಬಾಂಬರಿನ ಚಾಲಕ ಹಾಲ್‌ರಾಯ್ಡ್ ತಾನಲ್ಲ ಎನ್ನುತ್ತಿದ್ದ. ಆದರೆ ಅವನು ಹಗ್ಗವಿಲ್ಲದೆ ಹಿಂತಿರುಗಿದ್ದ; ಗ್ಲೈಡರಿನವರು ಕಳಚಿದ್ದರೆ ಹಗ್ಗ ಬಾಂಬರಿನ ಬಾಲದಲ್ಲೇ ಉಳಿಯಬೇಕಿತ್ತು. ಅದೂ ಒಂದು ಗಂಟೆ ತಡವಾಗಿ. ಎಲ್ಲಿದ್ದೆ ಎಂದರೆ ‘ಸಮುದ್ರದ ಮೇಲೆ’ ಎಂದಷ್ಟೇ ಉತ್ತರ; ಹೆಚ್ಚು ಹೇಳಿದರೂ ಯಾರೂ ನಂಬುವಂತಿರಲಿಲ್ಲ. ನಿಜ ಹೊರಬೀಳದಿದ್ದರೆ ಅವನಿಗೆ ಹೇಡಿಯೆಂಬ ಹಣೆಪಟ್ಟಿ, ಸೇನಾ ನ್ಯಾಯಾಲಯ, ಜೈಲು.

ಮೂರನೆಯ ಬೆಳಿಗ್ಗೆ, ತನಿಖೆ ನಡೆಸುತ್ತಿದ್ದ ಮೇಜರ್ ಪೆಲ್ಹಾಮ್ ಎಲ್ಲರನ್ನೂ ಶಿಬಿರದ ಊಟದ ಮನೆಯಲ್ಲೇ ಕೂರಿಸಿಕೊಂಡ. ಇನ್ನೂರು ಜನರ ಬೆಂಚುಗಳು ಖಾಲಿ. ಅಲ್ಲಿ ಕೂರಬೇಕಾದವರು ಹಾಲೆಂಡಿನಲ್ಲಿ ಸಾಯುತ್ತಿದ್ದರು. ಬಡಿಸುವ ಹೆಂಗಸರೂ ಇವರ ಮುಖ ನೋಡದೆ ತಟ್ಟೆ ಇಟ್ಟು ಹೋಗುತ್ತಿದ್ದರು. ಬದುಕಿದ್ದಕ್ಕೆ ಎಲ್ಲರಿಗೂ ನಾಚಿಕೆ. ವಿಲ್ಫ್ ಅಂತೂ ತಟ್ಟೆ ಪಕ್ಕಕ್ಕೆ ಸರಿಸಿ ಚಹಾದ ಮಗ್ ಮಾತ್ರ ಮುಂದಿಟ್ಟುಕೊಂಡಿದ್ದ.

“ಇನ್ನೊಂದ್ಸಲ ಹೇಳಪ್ಪ ಟ್ರಾಂಟರ್.”

“ಇದ್ದಕ್ಕಿದ್ದ ಹಾಗೆ ಸದ್ದು ನಿಂತೋಯ್ತು ಸಾರ್. ಹಗ್ಗ ಹೋಗಿತ್ತು. ಆಮೇಲೆ ಬಾಗಿಲು ತೆಗೆದು ಹುಡುಗ್ರಿಗೆ ಬೆಲ್ಟ್ ಹಾಕ್ಕೊಳ್ಳಿ ಅಂದೆ.”

“ಆಮೇಲೆ?”

“ಹೌದು ಸಾರ್. ಆಮೇಲೆ.”

ಹಾಲ್‌ರಾಯ್ಡ್ ಕಿಟಕಿಯ ಬಳಿ ನಿಂತಿದ್ದ. ವಿಲ್ಫ್ ಅತ್ತ ನೋಡಲಿಲ್ಲ.

ಮೇಜರ್ ಗ್ಲೈಡರಿನಲ್ಲಿದ್ದ ಸೈನಿಕ ಕಾಬ್ಲೆಯ ಕಡೆ ತಿರುಗಿದ. ಕಾಬ್ಲೆ ಸೇನೆಗೆ ಸೇರುವ ಮುಂಚೆ ಗಾರೆ ಕೆಲಸದವನು, ಬಾಯಿಬಡುಕ.

“ನೀನೂ ಇನ್ನೊಂದ್ಸಲ ಹೇಳು. ಆಗ ಏನು ಮಾಡ್ತಿದ್ದೆ?”

“ಚಹಾ ಕುಡೀತಿದ್ದೆ ಸಾರ್. ಫ್ಲಾಸ್ಕಿಂದ ಆಗಷ್ಟೇ ಬಗ್ಸಿದ್ದೆ. ಟ್ರಾಂಟರ್ ಸಾಹೇಬ್ರು ತಲೆ ಹಾಕಿ, ಮಗ್ ಮಗುಚೋ ಹಾಗೆ ಕೈ ಮಾಡಿದ್ರು. ಆಮೇಲೆ ಸೊಂಟ ತಟ್ಟಿ ತೋರ್ಸಿದ್ರು. ಬಿಸಿ ಬಿಸಿ ಚಹಾ ಸಾರ್, ಹೊಟ್ಟೆ ಉರೀತು. ಚೆಲ್ದೆ, ಬೆಲ್ಟ್ ಬಿಗಿದೆ.”

ಯಾರೋ ನಕ್ಕರು. ಮೇಜರ್ ನಗಲಿಲ್ಲ.

“ಕೈ ಮಾಡಿದ್ನಾ? ಬಾಯಲ್ಲಿ ಹೇಳ್ಲಿಲ್ವಾ?”

“ಹೇಳಿದ್ರೂ ಕೇಳ್ಬೇಕಲ್ಲ ಸಾರ್? ಆ ಗಾಳಿ ಮೊರೆತದಲ್ಲಿ ಪಕ್ಕದವನು ಕಿವಿಗೆ ಬಾಯಿಟ್ಟು ಕಿರುಚಿದ್ರೂ ಕೇಳ್ತಿರ್ಲಿಲ್ಲ.”

ಮೇಜರ್ ಪೆನ್ನು ಕೆಳಗಿಟ್ಟ.

“ಮೂರು ದಿನದಿಂದ ಈ ಚಹಾದ ಕಥೆ ಕೇಳಿ ಎಲ್ಲರೂ ನಕ್ಕಿದ್ದೇವೆ. ನಾನೂ ನಕ್ಕೆ. ಹಗ್ಗ ಬಿಟ್ಟ ಕ್ಷಣ ಗ್ಲೈಡರಿನಲ್ಲಿ ಮೊರೆತ ನಿಂತುಹೋಗುತ್ತೆ. ಪಿಸುಗುಟ್ಟಿದರೂ ಕೇಳುತ್ತೆ. ಹಾಗಿದ್ದ ಮೇಲೆ ಕೈಸನ್ನೆ ಯಾಕೆ ಬೇಕಾಯ್ತು? ಯಾಕಂದ್ರೆ ಆಗಿನ್ನೂ ಹಗ್ಗ ಇತ್ತು. ಹಗ್ಗ ಹೋಗುತ್ತೆ ಅಂತ ಮೊದಲೇ ಗೊತ್ತಿದ್ದವನು, ಪಾಪ, ಹುಡುಗರಿಗೆ ಪೆಟ್ಟಾಗಬಾರದು ಅಂತ ಎಚ್ಚರಿಸಿದ. ಹಿಡಿ ಎಳೆದದ್ದು ಹಾಲ್‌ರಾಯ್ಡ್ ಅಲ್ಲ. ಗ್ಲೈಡರಿನ ಒಳಗಿನವರು.”

ಬೆಂಚಿನ ಮೇಲಿದ್ದವರೆಲ್ಲ ವಿಲ್ಫನ ಕಡೆ ತಿರುಗಿದರು.

“ಒಳಗೆ ಇಬ್ಬರು ಚಾಲಕರಿದ್ದರು.” ಮೇಜರನ ದನಿ ಮೆತ್ತಗಾಯಿತು. “ಡನ್ನಿಂಗ್ ಹೇಳಿದ್ನೇನಪ್ಪ, ಎಳಿ ಅಂತ? ಅವನು ನಿನಗಿಂತ ಮೇಲಿನವನು.”

ಹೌದು ಎಂದರೆ ಸಾಕಿತ್ತು. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ವಿಲ್ಫ್ ಬಾಯಿ ತೆರೆದ. ಮುಂಗೈಯ ಮೇಲೆ ಡನ್ನಿಂಗನ ಉಗುರು ನಾಟಿದ ಗುರುತು ಇನ್ನೂ ಹಸಿಯಾಗಿತ್ತು. ಅಂಗಿಯ ತೋಳಿನ ಅಂಚು ಎಳೆದು ಮೂರು ದಿನದಿಂದ ಅದನ್ನು ಮುಚ್ಚಿಕೊಂಡೇ ಓಡಾಡಿದ್ದ.

“ಇಲ್ಲ ಸಾರ್. ಅವನು ಬೇಡ ಅಂತ ನನ್ನ ಕೈ ಹಿಡ್ಕೊಂಡ. ಅಷ್ಟರಲ್ಲಿ ಎಳೆದುಬಿಟ್ಟಿದ್ದೆ. ಹೆದ್ರಿಕೆ ಸಾರ್. ಬೇರೆ ಏನೂ ಇಲ್ಲ, ಬರೀ ಹೆದ್ರಿಕೆ.”

ತೋಳು ಸರಿಸಿ ಗುರುತು ತೋರಿಸಿದ.

ಹಾಲ್‌ರಾಯ್ಡ್ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡ ವಿಲ್ಫ್. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಮೋಡದಲ್ಲಿ ಕೆಳಗೇನೂ ಕಾಣ್ಲಿಲ್ಲ, ಸಮುದ್ರದ ಮೇಲಿದ್ದೀವಿ, ನೀವು ನೀರಿಗೆ ಬಿದ್ರಿ ಅಂದ್ಕೊಂಡೆ ಕಣಯ್ಯಾ,” ಎಂದ ಹಾಲ್‌ರಾಯ್ಡ್. “ನೀರಿಗೆ ತಾಗೀತು ಅಂತ ಹಗ್ಗ ಕಳಚಿ ಎಸೆದು, ಅಲೆ ಮುಟ್ಟೋ ಅಷ್ಟು ಕೆಳಗಿಳಿದು, ಒಂದು ಗಂಟೆ ನಿಮ್ಮನ್ನೇ ಹುಡುಕ್ತಾ ಇದ್ದೆ.”

ವಿಲ್ಫ್ ತಲೆ ಎತ್ತಲಿಲ್ಲ. ಮುಂದಿದ್ದ ಚಹಾ ಆರಿಹೋಗಿತ್ತು.