ಮೊದಲು ನೋವಿಲ್ಲದ ಕಾಲು

"ಕೈ ತೆಗೀರಿ! ನೋವಿರೋದು ಎಡಗಾಲಲ್ಲಿ! ಎಡ ಯಾವ್ದು ಬಲ ಯಾವ್ದು ಅಂತಾನೂ ಗೊತ್ತಾಗಲ್ವಾ ನಿಮಗೆ?"

ಅವಳ ಕೂಗಿಗೆ ಪರದೆಯಾಚೆ ಕೂತಿದ್ದ ಸೊಂಟನೋವಿನ ಅಜ್ಜರೊಬ್ಬರು ಬೆಚ್ಚಿಬಿದ್ದರು.

ಫಿಸಿಯೋ ಮಾತ್ರ ಕೈ ತೆಗೆಯಲಿಲ್ಲ. ಅವಳ ಬಲ ಮಂಡಿಯನ್ನು ಸ್ವಲ್ಪವೇ ಮಡಿಸಿ, ಹೊರಗಿನಿಂದ ಮೆಲ್ಲಗೆ ಒತ್ತುತ್ತಾ ಕಣ್ಣು ಮುಚ್ಚಿಕೊಂಡು ನಿಂತಿದ್ದ.

‘ಥೂ! ಇವನೇನು ಕಾಲು ನೋಡ್ತಿದಾನೋ, ನಿದ್ದೆ ಮಾಡ್ತಿದಾನೋ...’

ಅವಳಿಗೆ ಎಲ್ಲವೂ ಅಸಹ್ಯವಾಗಿತ್ತು. ಹಾಸಿಗೆಯ ಮೇಲೆ ಯಾರದೋ ಮುಲಾಮಿನ ಜಿಡ್ಡು. ಇವನ ತಣ್ಣನೆಯ ಕೈ. ಆದರೆ ನಿಜ ಹೇಳಿಬಿಡುತ್ತೇನೆ, ಆ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನಾರುತ್ತಿದ್ದದ್ದು ಅವಳ ಎಡಗಾಲೇ! ಚಿಕ್ಕಮ್ಮ ಎಣ್ಣೆಯಲ್ಲಿ ಬೆಳ್ಳುಳ್ಳಿ ಸುಟ್ಟು, ಬಿಸಿಬಿಸಿಯಾಗಿ ತಿಕ್ಕಿ, ಮೇಲೆ ಹಳೇ ಬಟ್ಟೆ ಬಿಗಿದಿದ್ದಳು. ಮಂಡಿ ಊದಿಕೊಂಡು ಕುಂಬಳಕಾಯಿಯಾಗಿತ್ತು.

ಅವಳು ಊರಿನ ಫುಟ್‌ಬಾಲ್ ಲೀಗಿನ ಒಬ್ಬಳೇ ಹೆಣ್ಣು ರೆಫರಿ. ಆಟಗಾರರೆಲ್ಲ ಅವಳನ್ನು ಕರೆಯುತ್ತಿದ್ದದ್ದು ‘ಸೀಟಿ’ ಎಂದೇ. ಹಿಂದಿನ ದಿನ ಪಂದ್ಯದಲ್ಲಿ ಚೆಂಡಿಗಾಗಿ ಗುದ್ದಾಡುತ್ತಿದ್ದ ಇಬ್ಬರು ಬಂದು ಅವಳ ಮಂಡಿಯ ಮೇಲೇ ಬಿದ್ದಿದ್ದರು. ಮಂಡಿ ಒಳಗಡೆಗೆ ವಾಲಿ, ಏನೋ ಕಿತ್ತಂತಾಗಿತ್ತು. ಮುಂದಿನ ತಿಂಗಳು ಫೈನಲ್. ಈವರೆಗೆ ಯಾವ ಹೆಣ್ಣೂ ಫೈನಲ್ಲಿಗೆ ಸೀಟಿ ಊದಿರಲಿಲ್ಲ. ಈ ಸಲ ಅವಳ ಹೆಸರು ಬಹುತೇಕ ಗಟ್ಟಿಯಾಗಿತ್ತು.

"ಸರಿಯಿರೋ ಕಾಲನ್ನೇ ಮೊದಲು ನೋಡ್ಬೇಕು," ಎಂದ ಅವನು ಕಣ್ಣು ಬಿಟ್ಟು. "ನಿಮ್ಮ ಮಂಡಿ ಹುಟ್ಟಿನಿಂದ ಎಷ್ಟು ಬಿಗಿ ಅಂತ ಇದು ಹೇಳುತ್ತೆ. ಆಮೇಲೆ ಎಡಗಾಲನ್ನ ನೋಡಿದ್ರೆ ಅದು ಎಷ್ಟು ಸಡಿಲ ಆಗಿದೆ ಅಂತ ತಿಳಿಯುತ್ತೆ. ನಿಮ್ಮದು ತುಂಬಾ ಬಿಗಿ ಮೈ ರೀ!"

"ನನ್ನ ಮೈ ವಿಷಯ ನಿಮಗ್ಯಾಕೆ!"

ಅವನ ಕಿವಿ ಕೆಂಪಾಯಿತು. ಎಡಗಾಲಿನ ಬಟ್ಟೆ ಬಿಚ್ಚಿದವನೇ ಮೂಗು ಮುಚ್ಚಿಕೊಂಡ. "ಅಯ್ಯಪ್ಪಾ! ಯಾರು ಹಚ್ಚಿದ್ದಿದು?"

"ನಾನೇ! ಏನೀಗ?" ಪಕ್ಕದಲ್ಲೇ ನಿಂತಿದ್ದ ಚಿಕ್ಕಮ್ಮ ಸೆರಗು ಬಿಗಿದುಕೊಂಡಳು.

"ತಪ್ಪು ತಿಳ್ಕೋಬೇಡಿ ಅಮ್ಮಾ. ಹೊಸ ಪೆಟ್ಟಿಗೆ ಬಿಸಿ ಕೊಡಬಾರದು, ತಿಕ್ಕಲೂಬಾರದು. ಊತ ಇನ್ನೂ ಏರುತ್ತೆ. ಬಟ್ಟೇಲಿ ಸುತ್ತಿ ಐಸ್ ಇಡಿ, ಕಾಲು ಎತ್ತರಕ್ಕಿಡಿ."

ಮಂಡಿಯ ಮೂಳೆಗಳನ್ನು ಹಿಡಿದಿಡುವ ಒಳಬದಿಯ ಲಿಗಮೆಂಟು ಅರ್ಧಂಬರ್ಧ ಹರಿದಿತ್ತು. ಹಗ್ಗದ ಕೆಲವು ಎಳೆಗಳಷ್ಟೇ ಕಿತ್ತಂತೆ ಎಂದು ಅವನು ವಿವರಿಸಿದ. ಆಪರೇಷನ್ ಬೇಡ. ಪಕ್ಕಕ್ಕೆ ವಾಲದಂತೆ ಕಟ್ಟುವ ಬ್ರೇಸು, ದಿನಾ ವ್ಯಾಯಾಮ, ತಾಳ್ಮೆ.

"ಫೈನಲ್ ಹೊತ್ತಿಗೆ?"

"ಕಷ್ಟ."

‘ಅಪಶಕುನದ ಬಾಯಿ!’ ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಬೈದರೂ ದಿನಾ ಹೋದಳು. ಒದ್ದೆ ಐಸಿನ ಬಟ್ಟೆ, ಲೋಳೆಲೋಳೆ ಜೆಲ್ಲು, ತೊಡೆ ನಡುಗುವ ವ್ಯಾಯಾಮ, ಎಲ್ಲಕ್ಕೂ ಮುಖ ಸಿಂಡರಿಸಿದಳು. ಬ್ರೇಸಂತೂ ಬೆವರು ಕುಡಿದು ಕುಡಿದು ಗಬ್ಬೆದ್ದುಹೋಗಿತ್ತು.

ಒಂದು ದಿನ ಅವನು ಅದನ್ನು ಬಿಚ್ಚಿ ಎರಡೇ ಬೆರಳಲ್ಲಿ ಎತ್ತಿ ಹಿಡಿದ. "ಏನ್ರೀ ಇದು? ಒಳಗೆ ಇಲಿ ಗಿಲಿ ಸತ್ತಿದ್ಯಾ?"

ನಾಚಿಕೆಯಿಂದ ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವನು ಮುಖ ಕಿವುಚಿಕೊಂಡೇ ಸಿಂಕಿನ ಬಳಿ ಹೋದ. ಮುಖ ಆ ಕಡೆ ತಿರುಗಿಸಿಕೊಂಡು, "ಅಬ್ಬಬ್ಬಾ... ರಾಮ ರಾಮಾ..." ಎನ್ನುತ್ತಾ ಒಳಗಿನ ಪಟ್ಟಿಯನ್ನು ಸೋಪು ಹಾಕಿ ಉಜ್ಜಿದ. ಉಜ್ಜಿದವನು ಮೂಸಿ ನೋಡಿದ. ಮತ್ತೆ ಉಜ್ಜಿದ!

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿದ್ದ ಹಾಗೇ ಎದೆಯೊಳಗೆ ಏನೋ ಆಯಿತು. ‘ನನ್ನ ನಾತಾನೂ ತೊಳೆಯೋ ಗಂಡಸು...’ ಎಂದುಕೊಂಡಳು. ಮರುಕ್ಷಣವೇ, ‘ಛೀ, ಏನು ಯೋಚನೆ ಇದು!’ ಎಂದು ತಲೆ ಕೊಡವಿದಳು. ಅವನೂ ಒದ್ದೆ ಕೈಯಲ್ಲೇ ನಿಂತು ಅವಳನ್ನೇ ನೋಡುತ್ತಿದ್ದ.

ಎಲ್ಲ ಸರಿಯಾಗಿರುವಾಗಲೇ ಅಲ್ಲವೇ ಹಾಳಾಗುವುದು!

ರೆಫರಿಗಳ ಓಟದ ಪರೀಕ್ಷೆ ಹತ್ತಿರ ಬಂತು. ಅದರಲ್ಲಿ ಪಾಸಾದವರಿಗೇ ಫೈನಲ್. ಓಡಬಹುದೆಂದು ಬರೆದುಕೊಡಿ ಎಂದಳು. ಅವನು ಮಂಡಿ ಒತ್ತಿ ನೋಡಿ ತಲೆಯಾಡಿಸಿದ. "ಇನ್ನೂ ಮೂರು ವಾರ ಬೇಕು. ಗಕ್ಕನೆ ತಿರುಗಿದ್ರೆ ಪೂರ್ತಿ ಹರಿದುಹೋಗುತ್ತೆ."

"ನನಗೇನೂ ನೋವಿಲ್ಲ!"

"ನೋವು ಬೇಗ ಹೋಗುತ್ತೆ ರೀ. ಬಲ ಬರೋದು ನಿಧಾನ."

ಅಷ್ಟರಲ್ಲಿ ಅವನ ಅಕ್ಕ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. "ಲೋ, ನಿಮ್ ಭಾವಂಗೆ ಫೈನಲ್ ಸಿಗೋ ಹಾಗಿದೆಯಂತೆ ಕಣೋ! ಯಾವಳೋ ಒಬ್ಬಳು ಕಾಲು ಮುರ್ಕೊಂಡು ಬಿದ್ದಿದಾಳಂತಲ್ಲ..."

ಆಮೇಲೆ ಅಕ್ಕನ ಕಣ್ಣು ಮಂಚದ ಮೇಲಿನ ಕಾಲಿಗೆ ಬಿತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹಾಗೇ ಹೊರಗೆ ಸರಿದಳು.

ಫೈನಲ್ಲಿನ ಸಾಲಿನಲ್ಲಿದ್ದ ಇನ್ನೊಬ್ಬ ರೆಫರಿ ಇವನ ಭಾವ! ಅವಳ ಮೈಯೆಲ್ಲ ಉರಿದುಹೋಯಿತು.

"ಓಹೋ... ಇದಾ ಸಮಾಚಾರ! ಭಾವನ ಕೈಗೆ ಮ್ಯಾಚ್ ಕೊಡಿಸೋಕೆ ನನ್ನ ಕಾಲು ಸರಿಯಿಲ್ಲ ಅಂದ್ರಾ? ಥೂ! ನಿಮ್ಮ ಕೈ ಮುಟ್ಟಿದ ಜಾಗ ತೊಳ್ಕೋಬೇಕು ಅನ್ನಿಸ್ತಿದೆ ನನಗೆ!"

"ಹಾಗಲ್ಲ... ನಾನು ಹೇಳ್ಬೇಕಿತ್ತು..." ಅವನು ಕೈ ಹಿಂದಕ್ಕೆಳೆದುಕೊಂಡ. "ನನ್ನ ಮಾತು ನಂಬಬೇಡಿ. ಬೇರೆ ಯಾರ ಹತ್ರಾನಾದ್ರೂ ತೋರಿಸಿ. ಆದ್ರೆ ತೋರಿಸದೆ ಓಡಬೇಡಿ, ದಮ್ಮಯ್ಯ."

ಮನೆಗೆ ಬಂದು ಸೋಪು ಹಾಕಿ ಮಂಡಿ ತೊಳೆದುಕೊಂಡಳು. ತೊಳೆಯುತ್ತಾ ಬಿಕ್ಕಿಬಿಕ್ಕಿ ಅತ್ತಳು. ಹಾಳಾದವನ ಮೇಲೆ ಹೇಸಿಗೆ, ಅವನಿಗಾಗಿ ಅಳುವ ತನ್ನ ಮೇಲೆ ಇನ್ನೂ ಹೇಸಿಗೆ!

ಮರುದಿನ ಊರಿನ ದೊಡ್ಡ ಮೂಳೆ ಡಾಕ್ಟರ ಬಳಿ ಹೋದಳು. ಅವರು ಎಡ ಮಂಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನಕ್ಕರು.

"ಫಸ್ಟ್ ಕ್ಲಾಸ್! ಎಲ್ಲರ ಮಂಡಿಯ ಹಾಗೇ ಇದೆಯಮ್ಮಾ. ಓಡು ಹೋಗು."

ಆಹಾ! ಕುಣಿದಾಡುವಷ್ಟು ಖುಷಿಯಾಯಿತು. ಗೆದ್ದುಬಿಟ್ಟೆ! ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

ಎಲ್ಲರ ಮಂಡಿಯ ಹಾಗೆ... ಆದರೆ ಅವಳದು ಹುಟ್ಟಿನಿಂದ ಬಿಗಿ, ಎಲ್ಲರ ಮಂಡಿಯಲ್ಲವಲ್ಲ!

‘ಸುಮ್ನೆ ಹೋಗೇ... ಫೈನಲ್ ಸಿಕ್ಕಿದೆ, ಹೋಗು...’ ಎಂದಿತು ಮನಸ್ಸು. ಆ ಆಸೆಯ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು. ಇಷ್ಟು ವರ್ಷ ಮೈದಾನದಲ್ಲಿ ಕಣ್ಣಿಗೆ ಬಿದ್ದ ತಪ್ಪಿಗೆಲ್ಲ ಯಾರ ಮುಖವನ್ನೂ ನೋಡದೆ ಸೀಟಿ ಊದಿದವಳು ಅವಳು.

"ಡಾಕ್ಟ್ರೇ... ಬಲಗಾಲು ನೋಡ್ಲಿಲ್ಲ ನೀವು."

"ಸರಿಯಿರೋ ಕಾಲು ಯಾಕಮ್ಮಾ ನೋಡೋದು?"

"ದಯವಿಟ್ಟು... ಒಂದ್ಸಲ."

ಬೇಸರದಲ್ಲೇ ಅವರು ಬಲಗಾಲು ಹಿಡಿದು ಒತ್ತಿದರು. ಮುಖದ ಮೇಲಿನ ನಗು ಹೋಯಿತು. ಎಡಗಾಲನ್ನು ಮತ್ತೆ ಒತ್ತಿದರು. ಮತ್ತೆ ಬಲಗಾಲು.

"ಇದು ಕಲ್ಲಿನ ಹಾಗಿದೆಯಲ್ಲ! ಹಾಗಾದ್ರೆ ಅದು ಇನ್ನೂ ಕೂಡಿಲ್ಲ... ಇನ್ನೊಂದು ಎರಡು ಮೂರು ವಾರ ಓಟ ಬೇಡ ತಾಯಿ. ಒಳ್ಳೇದಾಯ್ತು ನೀನು ಕೇಳಿದ್ದು."

ಅವಳೇ ಕೇಳಿ, ಅವಳೇ ಕಳೆದುಕೊಂಡಳು. ಎದೆ ಒಡೆದುಹೋಯಿತು.

ಸಂಜೆ ಕ್ಲಿನಿಕ್ಕಿಗೆ ಹೋದಾಗ ಅವನು ಒಬ್ಬನೇ ಹಾಸಿಗೆಯ ಜಿಡ್ಡು ಒರೆಸುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೆಳಗೆ ಹಾಕಿದ.

"ನೀವು ಹೇಳಿದ್ದೇ ನಿಜ. ಫೈನಲ್ ಬೇಡ ಅಂತ ಲೀಗಿನವರಿಗೆ ಹೇಳಿ ಬಂದೆ." ಅವಳು ಬಾಗಿಲಲ್ಲೇ ನಿಂತಿದ್ದಳು. "ಆದ್ರೂ ನಿಮ್ಮ ಮೇಲಿನ ಅಸಹ್ಯ ಹೋಗಿಲ್ಲ! ಭಾವನ ವಿಷಯ ಯಾಕೆ ಮುಚ್ಚಿಟ್ರಿ?"

"ಹೇಳಿದ್ರೆ ಬೇರೆ ಕಡೆ ಹೋಗಿಬಿಡ್ತಿದ್ರಿ."

"ಹೋಗ್ಬೇಕಾದ್ದೇ ತಾನೇ?"

"ಹೌದು. ಅದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ದಿನಾ ನೀವು ಬಂದು ಬೈಯೋದು ನಿಂತುಹೋಗುತ್ತಲ್ಲ ಅಂತ..." ಅವನು ತಲೆ ತಗ್ಗಿಸಿದ. "ನನಗೂ ನನ್ನ ಮೇಲೆ ಹೇಸಿಗೆ ಆಗಿದೆ. ನಾಳೆಯಿಂದ ನಿಮ್ಮ ಕಾಲು ನಾನು ನೋಡಲ್ಲ. ಪಕ್ಕದ ಬೀದಿ ಫಿಸಿಯೋ ಮೇಡಂಗೆ ಎಲ್ಲಾ ಹೇಳಿದೀನಿ. ಒಳ್ಳೆ ಕೈ ಅವರದ್ದು."

"ಯಾಕೆ? ನಾನು ಬೈದೆ ಅಂತಾನಾ?"

"ಅಲ್ಲ. ಪೇಷಂಟನ್ನ ಪ್ರೀತಿಸೋ ಹಾಗಿಲ್ಲ. ಅದಕ್ಕೆ."

ಅವಳ ಕಣ್ಣು ತುಂಬಿ ಬಂತು. ಹೋದ ಫೈನಲ್ಲಿಗೋ, ಬಂದ ಈ ಮಾತಿಗೋ ಅವಳಿಗೇ ತಿಳಿಯಲಿಲ್ಲ. ಮೂಗಿನಿಂದಲೂ ನೀರು ಇಳಿಯಿತು. ಅವನು ಕರ್ಚೀಫು ಚಾಚಿದ. ಅದರಲ್ಲಿ ಜೋರಾಗಿ ಮೂಗು ಒರೆಸಿಕೊಂಡು ಹಾಗೇ ವಾಪಸು ಕೊಟ್ಟಳು. ಅವನು ಮುಖ ಕಿವುಚಿದ, ಆದರೂ ಮಡಿಸಿ ಜೇಬಿಗೆ ಹಾಕಿಕೊಂಡ.

"ಫೈನಲ್ ನೋಡೋಕೆ ಬರ್ತೀಯಾ? ನನ್ನ ಪಕ್ಕ ಕೂರೋಕೆ?" ಎಂದಳು.

"ಭಾವಂಗೆ ಬೈತೀಯಾ?"

"ಅವನು ಊದೋ ಒಂದೊಂದು ಸೀಟಿಗೂ ಬೈತೀನಿ."

"ಅಳ್ತೀಯಾ?"

"ಅಳ್ತೀನಿ. ಪೂರ್ತಿ ಮ್ಯಾಚ್ ಅಳ್ತೀನಿ... ಅದು ನನ್ನ ಮ್ಯಾಚ್ ಕಣೋ."

"ಗೊತ್ತು," ಎಂದು ಅವನು ಅವಳ ಕೈ ಹಿಡಿದುಕೊಂಡ. "ಮುಗಿಯೋವರೆಗೂ ಕೂತಿರ್ತೀನಿ."